ಊರೇ ಒಂದು ವಸತಿಗೃಹ

ಜಪಾನಿನ ಬಿಸಿನೀರಿನ ಬುಗ್ಗೆಯೂರುಗಳಿಂದ ಜಾತ್ರೆಯೂರುಗಳ ವರ್ತಕರು ಕಲಿಯಬಹುದಾದ ಪಾಠ

ಭರತ ಹುಣ್ಣಿಮೆಯಿಂದ ಮಹಾಶಿವರಾತ್ರಿಯವರೆಗಿನ ಹದಿನೈದು ದಿನಗಳು ಹೂವಿನಹಡಗಲಿ, ಕೊಟ್ಟೂರು, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಮತ್ತು ಕೂಡ್ಲಿಗಿ ತಾಲ್ಲೂಕುಗಳ ವರ್ತಕರಿಗೆ ವರ್ಷದ ದೊಡ್ಡ ಸುಗ್ಗಿ. ಹುಣ್ಣಿಮೆಯ ಬೆನ್ನಿಗೇ ಮೈಲಾರದ ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲನ್ನೇರಿ ಕಾರ್ಣಿಕ ನುಡಿಯುತ್ತಾನೆ. ಆ ಒಂದು ನುಡಿಯಲ್ಲಿ ರೈತರು ಮಳೆ-ಬೆಳೆಯನ್ನೂ ವರ್ತಕರು ಧಾರಣೆಯನ್ನೂ ಅರಸುತ್ತಾರೆ. ಮೂಲಾ ನಕ್ಷತ್ರದಂದು ಕೊಟ್ಟೂರಿನಲ್ಲಿ ಗುರುಬಸವೇಶ್ವರ ಸ್ವಾಮಿಯ ತೇರು ಸಾಗುತ್ತದೆ. ಶಿವರಾತ್ರಿಯ ಸುಮಾರಿಗೆ ತುಂಗಭದ್ರೆಯ ದಂಡೆಯ ಕುರುವತ್ತಿಯಲ್ಲಿ ಜಾತ್ರೆ ನೆರೆಯುತ್ತದೆ. ದಾವಣಗೆರೆ ಮೊದಲಾದ ಕಡೆಗಳಿಂದ ಭಕ್ತರು ಪಾದಯಾತ್ರೆಯಲ್ಲಿ ಬರುತ್ತಾರೆ. ದಾರಿಯುದ್ದಕ್ಕೂ ಹಳ್ಳಿಯವರು ನೀರು, ಮಜ್ಜಿಗೆ, ಅನ್ನ ನೀಡಿ ಅವರನ್ನು ಉಪಚರಿಸುತ್ತಾರೆ.

ಜಾತ್ರೆ ಮುಗಿದ ಮರುದಿನದ ಚಿತ್ರವೇ ಬೇರೆ. ಬಳೆ, ಬೆಂಡು-ಬತ್ತಾಸು, ಆಟಿಕೆಗಳ ಅಂಗಡಿಗಳು ಗಂಟು ಕಟ್ಟಿ ಮುಂದಿನ ಜಾತ್ರೆಗೆ ಹೊರಡುತ್ತವೆ. ಊರಿನ ಕಾಯಂ ಅಂಗಡಿಗಳು ಎಂದಿನ ಗಿರಾಕಿಗಳನ್ನು ಕಾಯುತ್ತ ಕುಳಿತುಕೊಳ್ಳುತ್ತವೆ. ಅಮಾವಾಸ್ಯೆ, ಹುಣ್ಣಿಮೆ, ಶ್ರಾವಣ ಸೋಮವಾರಗಳಲ್ಲಿ ಭಕ್ತರು ಬರುವುದುಂಟು. ಆದರೆ ಬೆಳಿಗ್ಗೆ ಬಂದು ಕಾಯಿ ಒಡೆಸಿ, ಪ್ರಸಾದ ಸ್ವೀಕರಿಸಿ, ಹೊತ್ತು ಮುಳುಗುವ ಮುನ್ನ ಬಸ್ಸು ಹತ್ತುವವರೇ ಹೆಚ್ಚು. ಅವರು ಊರಿನಲ್ಲಿ ಕೊಳ್ಳುವುದು ಹೂವು, ಹಣ್ಣು, ಕಾಯಿ, ಊದಿನಕಡ್ಡಿ ಮತ್ತು ಒಂದು ಊಟ. ರಾತ್ರಿ ತಂಗುವವರಾದರೆ ಅದೇ ಅತಿಥಿಗಳು ಹಾಲು, ತಿಂಡಿ, ಸಾಬೂನು, ಆಟೋ ಬಾಡಿಗೆ, ಬಟ್ಟೆ, ಮನೆಗೆ ಒಯ್ಯುವ ಕಾಣಿಕೆ, ಹೀಗೆ ಹತ್ತು ಕಸುಬುಗಳಿಗೆ ಕೆಲಸ ಕೊಡುತ್ತಾರೆ. ಬರುವ ಅತಿಥಿಗಳ ಸಂಖ್ಯೆಯಲ್ಲಿ ಈ ಭಾಗಕ್ಕೆ ಬಡತನವಿಲ್ಲ. ಬಡತನವಿರುವುದು ಅವರು ಕಳೆಯುವ ರಾತ್ರಿಗಳಲ್ಲಿ.

ಹಿಂದೆ ಸ್ಥಿತಿ ಹೀಗಿರಲಿಲ್ಲ. ಚಕ್ಕಡಿ ಕಟ್ಟಿಕೊಂಡು ಬಂದವರು ಬಯಲಿನಲ್ಲಿಯೇ ಬಿಡಾರ ಹೂಡಿ ಎರಡು-ಮೂರು ದಿನ ಉಳಿಯುತ್ತಿದ್ದರು. ಮಠದ ಪಡಸಾಲೆ, ದೇವಸ್ಥಾನದ ಪೌಳಿ, ಛತ್ರ, ಬೀಗರ ಮನೆ ಇವೇ ವಸತಿಗೃಹಗಳಾಗಿದ್ದವು. ಮೈಲಾರಕ್ಕೆ ಇಂದಿಗೂ ಚಕ್ಕಡಿಗಳು ಬರುತ್ತವೆ. ಉಳಿದೆಡೆ ರಸ್ತೆ ಸುಧಾರಿಸಿ ವಾಹನಗಳು ಹೆಚ್ಚಿದಂತೆಲ್ಲ ಭಕ್ತರು ಬೇಗ ಬರತೊಡಗಿದರು, ಅಷ್ಟೇ ಬೇಗ ಮರಳತೊಡಗಿದರು. ಸಂಚಾರ ಸೌಕರ್ಯವೇ ತಂಗುವ ರೂಢಿಯನ್ನು ಕಡಿಮೆ ಮಾಡಿತು. ಇದೇ ಸಮಸ್ಯೆಯನ್ನು ಎದುರಿಸಿ, ಅದಕ್ಕೆ ತಮ್ಮದೇ ಪರಿಹಾರ ಕಂಡುಕೊಂಡ ಊರುಗಳು ಜಪಾನಿನಲ್ಲಿವೆ.

ಬುಗ್ಗೆಯ ಸುತ್ತ ಬೆಳೆದ ಊರುಗಳು

ಕರ್ನಾಟಕದಲ್ಲಿ ಬಿಸಿನೀರಿನ ಬುಗ್ಗೆ ಎಂದರೆ ನೆನಪಿಗೆ ಬರುವುದು ಪುತ್ತೂರು ತಾಲ್ಲೂಕು ಇರ್ದೆ ಗ್ರಾಮದ ಬೆಂದ್ರು ತೀರ್ಥ. ಜ್ವಾಲಾಮುಖಿಗಳ ನಾಡಾದ ಜಪಾನಿನಲ್ಲಿ ಇಂತಹ ಬುಗ್ಗೆಗಳು ಸಾವಿರಾರು. ಅವಕ್ಕೆ ಅಲ್ಲಿನವರು ‘ಆನ್ಸೆನ್’ ಎನ್ನುತ್ತಾರೆ. ಬುಗ್ಗೆಯ ನೀರಿನಲ್ಲಿ ಮಿಂದರೆ ವ್ಯಾಧಿ ಕಳೆಯುತ್ತದೆ ಎಂಬ ನಂಬಿಕೆಯಿಂದ ಯಾತ್ರಿಕರು ಬಂದರು. ಯಾತ್ರಿಕರಿಗಾಗಿ ವಸತಿಗೃಹಗಳು ಹುಟ್ಟಿದವು. ವಸತಿಗೃಹಗಳ ಸುತ್ತ ಪೇಟೆ ಬೆಳೆಯಿತು. ವ್ಯಾಧಿಗೂ ತೀರ್ಥಕ್ಕೂ ಇರುವ ನಂಟು ಈ ಭಾಗಕ್ಕೂ ಹೊಸದಲ್ಲ. ಗುಣವಾಗದ ರೋಗದಿಂದ ಬಳಲಿದ ಕಲ್ಯಾಣ ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರನು 1068ರಲ್ಲಿ ದೇಹತ್ಯಾಗಕ್ಕೆ ಆರಿಸಿಕೊಂಡದ್ದು ಕುರುವತ್ತಿಯ ತುಂಗಭದ್ರೆಯನ್ನೇ.

ಜಪಾನಿನ ಸಾಂಪ್ರದಾಯಿಕ ವಸತಿಗೃಹಕ್ಕೆ ‘ರ್‍ಯೋಕಾನ್’ ಎಂದು ಹೆಸರು. ಯಾಮಾನಾಶಿ ಪ್ರಾಂತದ ಕೇಯುನ್‌ಕಾನ್ ಎಂಬ ವಸತಿಗೃಹ ಕ್ರಿ.ಶ. 705ರಲ್ಲಿ ಆರಂಭವಾಯಿತೆಂದು ಹೇಳಲಾಗಿದ್ದು, ಜಗತ್ತಿನ ಅತ್ಯಂತ ಹಳೆಯ ಹೋಟೆಲ್ ಎಂದು ಗಿನ್ನೆಸ್ ದಾಖಲೆಯಲ್ಲಿದೆ. ರ್‍ಯೋಕಾನಿನಲ್ಲಿ ಪಾದರಕ್ಷೆಯನ್ನು ಬಾಗಿಲಲ್ಲೇ ಬಿಡಬೇಕು. ಕೋಣೆಯಲ್ಲಿ ಮಂಚವಿಲ್ಲ, ‘ತಾತಾಮಿ’ ಎಂಬ ದಪ್ಪ ಚಾಪೆಗಳ ನೆಲ. ಹಗಲು ಅದೇ ಬೈಠಕ್ ಕೋಣೆ. ರಾತ್ರಿ ಊಟವಾದ ಮೇಲೆ ಹಾಸಿಗೆ ಬಿಡಿಸಿದರೆ ಅದೇ ಮಲಗುವ ಕೋಣೆ. ಬಾಡಿಗೆಯನ್ನು ಕೋಣೆಗಲ್ಲ, ತಲೆಗಿಷ್ಟು ಎಂದು ಕಟ್ಟುವುದು ಹಳೆಯ ಪದ್ಧತಿ. ಅದರಲ್ಲಿ ರಾತ್ರಿಯೂಟ, ಬೆಳಗಿನ ಉಪಾಹಾರ ಎರಡೂ ಸೇರಿರುತ್ತವೆ. ಸುತ್ತಮುತ್ತಲ ಹೊಲ, ಕಾಡು, ಕಡಲುಗಳಲ್ಲಿ ಆ ಋತುವಿನಲ್ಲಿ ದೊರೆಯುವ ಪದಾರ್ಥಗಳಿಂದಲೇ ಅಡುಗೆ ಸಿದ್ಧವಾಗುವುದರಿಂದ ವಸತಿಗೃಹದ ಆದಾಯದ ಒಂದು ಪಾಲು ನೇರವಾಗಿ ರೈತನಿಗೂ ಬೆಸ್ತನಿಗೂ ತಲುಪುತ್ತದೆ.

ಏಳು ಸ್ನಾನಗೃಹಗಳ ಊರು

ಹ್ಯೋಗೊ ಪ್ರಾಂತದ ಕಿನೊಸಾಕಿ ಇಂತಹ ಊರುಗಳಲ್ಲಿ ಪ್ರಸಿದ್ಧವಾದದ್ದು. ಗಾಯಗೊಂಡ ಕೊಕ್ಕರೆಯೊಂದು ಬುಗ್ಗೆಯ ನೀರಿನಲ್ಲಿ ಕಾಲಿಟ್ಟು ಗುಣಹೊಂದಿದ್ದನ್ನು ಕಂಡು ಜನ ಆ ನೀರಿನ ಮಹಿಮೆ ಅರಿತರೆಂದು ಒಂದು ಐತಿಹ್ಯ. ಬೌದ್ಧ ಭಿಕ್ಷುವೊಬ್ಬನು ಸಾವಿರ ದಿನ ಪ್ರಾರ್ಥಿಸಿದ್ದರಿಂದ ಕ್ರಿ.ಶ. 720ರಲ್ಲಿ ಬುಗ್ಗೆ ಚಿಮ್ಮಿತೆಂದು ಇನ್ನೊಂದು. ಊರಿನ ನಡುವೆ ಒಂದು ಸಣ್ಣ ಹೊಳೆ, ಅದರ ಎರಡೂ ದಡಗಳಲ್ಲಿ ಜೋಲುವ ವಿಲ್ಲೋ ಮರಗಳು, ಅಲ್ಲಲ್ಲಿ ಕಲ್ಲಿನ ಕಿರುಸೇತುವೆಗಳು, ಮರದ ಎರಡು-ಮೂರು ಅಂತಸ್ತಿನ ವಸತಿಗೃಹಗಳು. ಊರಿನ ಹೆಸರು ನಿಂತಿರುವುದು ಏಳು ಸಾರ್ವಜನಿಕ ಸ್ನಾನಗೃಹಗಳ ಮೇಲೆ.

ಮಧ್ಯಾಹ್ನ ಬಂದಿಳಿದ ಅತಿಥಿಗೆ ವಸತಿಗೃಹದವರು ‘ಯುಕಾತಾ’ ಎಂಬ ಹತ್ತಿಯ ನಿಲುವಂಗಿಯನ್ನೂ ‘ಗೇತಾ’ ಎಂಬ ಮರದ ಹಾವುಗೆಗಳನ್ನೂ ಸ್ನಾನಗೃಹಗಳ ಪ್ರವೇಶಪತ್ರವನ್ನೂ ಕೊಡುತ್ತಾರೆ. ಯಾವ ವಸತಿಗೃಹದಲ್ಲಿ ಇಳಿದಿದ್ದರೂ ಸಾರ್ವಜನಿಕ ಸ್ನಾನಗೃಹಗಳ ಬಾಗಿಲು ತೆರೆದಿರುತ್ತದೆ. ಎಲ್ಲವೂ ಒಂದೇ ದಿನ ಮುಚ್ಚದಂತೆ ವಾರದ ರಜೆಗಳನ್ನು ಹಂಚಿಕೊಂಡಿದ್ದಾರೆ. ಅತಿಥಿ ಒಂದು ಸ್ನಾನಗೃಹದಿಂದ ಇನ್ನೊಂದಕ್ಕೆ ನಡೆಯುತ್ತಾನೆ. ದಾರಿಯಲ್ಲಿ ಚಹಾ, ತಿನಿಸು, ಹುಲ್ಲಿನ ಕರಕುಶಲ ವಸ್ತು, ಆಟಿಕೆ, ಏಡಿಯ ಅಂಗಡಿಗಳು. ರಾತ್ರಿಯೂಟ ಮುಗಿಸಿ ಮತ್ತೆ ಹೊರಬೀಳುತ್ತಾನೆ. ಕತ್ತಲಾದ ಮೇಲೆಯೂ ಬೀದಿಯಲ್ಲಿ ಹಾವುಗೆಗಳ ಟಕಟಕ ಸದ್ದು ಕೇಳುತ್ತದೆ. ರೈಲು ನಿಲ್ದಾಣವೇ ಮುಂಬಾಗಿಲು, ಬೀದಿಯೇ ಪಡಸಾಲೆ, ವಸತಿಗೃಹಗಳು ಕೋಣೆಗಳು, ಸ್ನಾನಗೃಹಗಳು ಬಚ್ಚಲು. ಊರೆಲ್ಲ ಸೇರಿ ಒಂದೇ ವಸತಿಗೃಹವೆಂಬುದು ಅಲ್ಲಿನವರ ಭಾವನೆ.

ಇಪ್ಪತ್ತು ವರ್ಷ ಮೀರಿದ ವ್ಯಾಜ್ಯ

ಈ ಒಗ್ಗಟ್ಟು ಸಹಜವಾಗಿ ಒದಗಿದ್ದಲ್ಲ. 1925ರ ಮೇ 23ರಂದು ಸಂಭವಿಸಿದ ಭೂಕಂಪ ಮತ್ತು ಅದರ ಬೆನ್ನಿಗೆ ಎದ್ದ ಬೆಂಕಿಯಲ್ಲಿ ಕಿನೊಸಾಕಿಯ ಬಹುಭಾಗ ನಾಶವಾಯಿತು. ಊರನ್ನು ಮರಳಿ ಕಟ್ಟುವ ಕಾಲದಲ್ಲಿ ಒಂದು ದೊಡ್ಡ ವಸತಿಗೃಹವು ತನ್ನ ಜಾಗದಲ್ಲಿ ದೊರೆತ ಬಿಸಿನೀರನ್ನು ಬಳಸಿ ಒಳಗೇ ಸ್ನಾನದ ಕೊಳ ನಿರ್ಮಿಸಿತು. ಅಲ್ಲಿಯವರೆಗೆ ವಸತಿಗೃಹಗಳಲ್ಲಿ ಬುಗ್ಗೆಯ ನೀರಿನ ಸ್ನಾನ ಇರಲಿಲ್ಲ. ಎಲ್ಲರೂ ಸಾರ್ವಜನಿಕ ಸ್ನಾನಗೃಹಗಳಿಗೇ ಹೋಗಬೇಕಿತ್ತು. ಒಳಗೇ ಸ್ನಾನ ದೊರೆತರೆ ಅತಿಥಿ ಬೀದಿಗೆ ಇಳಿಯುವುದಿಲ್ಲ, ಕೊಳ ಕಟ್ಟಿಸಲಾಗದ ಸಣ್ಣ ವಸತಿಗೃಹಗಳೂ ಬೀದಿಯ ಅಂಗಡಿಗಳೂ ಮುಳುಗುತ್ತವೆ ಎಂದು ಊರಿನವರು ಆಕ್ಷೇಪಿಸಿದರು. ತನ್ನ ನೆಲದಲ್ಲಿ ಬಂದ ನೀರು ತನ್ನದು ಎಂಬುದು ಮಾಲೀಕರ ವಾದ. ಬುಗ್ಗೆ ಊರಿನದು ಎಂಬುದು ಉಳಿದವರ ವಾದ. 1927ರ ಸುಮಾರಿಗೆ ಹುಟ್ಟಿದ ಈ ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲೇರಿ, ನಡುವೆ ಮಹಾಯುದ್ಧವೊಂದು ಮುಗಿದುಹೋದರೂ ಮುಗಿಯದೆ, 1950ರಲ್ಲಿ ರಾಜಿಯಲ್ಲಿ ಕೊನೆಗೊಂಡಿತು.

ರಾಜಿಯ ತಿರುಳು ವರ್ತಕರು ಗಮನಿಸಬೇಕಾದದ್ದು. ಬುಗ್ಗೆಯ ನೀರು ಊರಿನ ಸಾಮೂಹಿಕ ಆಸ್ತಿಯಾಗಿ ಉಳಿಯಿತು. ವಸತಿಗೃಹಗಳು ಒಳಗೆ ಸ್ನಾನದ ಕೊಳ ಕಟ್ಟಿಸಿಕೊಳ್ಳಬಹುದು, ಆದರೆ ಅದರ ಅಳತೆಗೆ ಮಿತಿ ಇರಬೇಕೆಂದು ಒಪ್ಪಂದವಾಯಿತು. ಒಳಗಿನ ಕೊಳ ಸಣ್ಣದಾದುದರಿಂದ ಅತಿಥಿಯನ್ನು ಬೀದಿಯ ದೊಡ್ಡ ಸ್ನಾನಗೃಹವೇ ಸೆಳೆಯುತ್ತದೆ. ದೊಡ್ಡ ವಸತಿಗೃಹಕ್ಕೂ ನಷ್ಟವಿಲ್ಲ, ಸಣ್ಣದಕ್ಕೂ ಬದುಕುಂಟು, ಅಂಗಡಿಯವನಿಗೂ ಗಿರಾಕಿಯುಂಟು. ಮುಂದೆ 1972ರಲ್ಲಿ ಬುಗ್ಗೆಗಳ ನೀರನ್ನೆಲ್ಲ ಒಂದೆಡೆ ಕೂಡಿಸಿ ಕೊಳವೆಗಳ ಮೂಲಕ ಹಂಚುವ ವ್ಯವಸ್ಥೆಯೂ ಜಾರಿಗೆ ಬಂದಿತು.

ಜಾಗವಿಲ್ಲದ ಇಬ್ಬರಿಗಾಗಿ

ಕುಮಾಮೊತೊ ಪ್ರಾಂತದ ಗುಡ್ಡಗಾಡಿನಲ್ಲಿರುವ ಕುರೊಕಾವಾದ ಕಥೆ ಇನ್ನೂ ಹತ್ತಿರದ್ದು. ಅದು ಸುಮಾರು 30 ವಸತಿಗೃಹಗಳ ಸಣ್ಣ ಊರು. 1964ರಲ್ಲಿ ಹತ್ತಿರದಲ್ಲಿ ಹೆದ್ದಾರಿ ತೆರೆದಾಗ ಸ್ವಲ್ಪ ಕಾಲ ವ್ಯಾಪಾರ ಏರಿ ಮತ್ತೆ ಇಳಿಯಿತು. ಆಗ ಗೊತೊ ತೆತ್ಸುಯಾ ಎಂಬ ವಸತಿಗೃಹದ ಮಾಲೀಕ ಉಳಿ-ಸುತ್ತಿಗೆ ಹಿಡಿದು ಹಿತ್ತಲ ಬಂಡೆಯಲ್ಲಿ ವರ್ಷಗಟ್ಟಲೆ ಕೊರೆದು ಗುಹೆಯಂತಹ ಸ್ನಾನದ ಕೊಳ ನಿರ್ಮಿಸಿದ್ದ. ಸುತ್ತ ಕಾಡುಮರಗಳನ್ನು ನೆಟ್ಟಿದ್ದ. ಊರೆಲ್ಲ ಸೊರಗಿದ್ದರೂ ಅವನ ಮನೆಗೆ ಅತಿಥಿಗಳು ಬರುತ್ತಿದ್ದರು. ನೆರೆಯವರು ಬಂದು ಕೇಳಿದಾಗ ಅವನು ಗುಟ್ಟು ಮಾಡದೆ ಬಯಲು ಸ್ನಾನದ ಕೊಳ ಕಟ್ಟುವ ವಿದ್ಯೆಯನ್ನು ಕಲಿಸಿಕೊಟ್ಟ.

ಒಬ್ಬೊಬ್ಬರಾಗಿ ಎಲ್ಲರೂ ಕಟ್ಟಿಕೊಂಡರು. ಇಬ್ಬರಿಗೆ ಮಾತ್ರ ಜಾಗವಿರಲಿಲ್ಲ. ಆ ಇಬ್ಬರನ್ನು ಕೈಬಿಡದಿರಲು ಸಂಘದವರು 1986ರಲ್ಲಿ ಒಂದು ಉಪಾಯ ಹೂಡಿದರು. ಸ್ಥಳೀಯ ದೇವದಾರು ಜಾತಿಯ ಮರದ ಬಿಲ್ಲೆಯೊಂದನ್ನು ಅತಿಥಿ ಕೊಂಡರೆ ಯಾವುದೇ ಮೂರು ವಸತಿಗೃಹಗಳ ಬಯಲು ಕೊಳಗಳಲ್ಲಿ ಮೀಯಬಹುದು. ಬಿಲ್ಲೆಯ ಹಣದಲ್ಲಿ ಒಂದು ಪಾಲು ಕೊಳವಿರುವ ಮಾಲೀಕನಿಗೆ, ಒಂದು ಪಾಲು ಸಂಘಕ್ಕೆ. ಸಂಘದ ಹಣದಿಂದ ಬೀದಿಗಳಲ್ಲಿ ಮರಗಳನ್ನು ಬೆಳೆಸಿದರು. ತಂತಮ್ಮ ಹೆಸರಿನ ಬಣ್ಣಬಣ್ಣದ ಫಲಕಗಳನ್ನು ಕಿತ್ತುಹಾಕಿ ಎಲ್ಲರಿಗೂ ಒಂದೇ ಬಗೆಯ ಫಲಕ ನಿಲ್ಲಿಸಿದರು. ಬಿಲ್ಲೆ ತಯಾರಿಸುವ ಕೆಲಸವೂ ಊರಿನ ಸುತ್ತಲಿನವರಿಗೇ ದೊರೆಯಿತು. ಇಂದು ಕುರೊಕಾವಾ ಜಪಾನಿನ ಹೆಸರಾಂತ ಬುಗ್ಗೆಯೂರುಗಳಲ್ಲಿ ಒಂದು.

ವಿರುದ್ಧ ದಿಕ್ಕಿನಲ್ಲಿ ನಡೆದವರೂ ಇದ್ದಾರೆ. ಟೋಕಿಯೋಗೆ ಹೆಚ್ಚು ದೂರವಿಲ್ಲದ ಕಿನುಗಾವಾದಲ್ಲಿ ಜಪಾನಿನ ಆರ್ಥಿಕ ಉಬ್ಬರದ ಕಾಲಕ್ಕೆ ಬ್ಯಾಂಕ್ ಸಾಲದಿಂದ ನದಿಯುದ್ದಕ್ಕೂ ಬಹುಮಹಡಿ ಹೋಟೆಲುಗಳೆದ್ದವು. ಊಟ, ಅಂಗಡಿ, ಮನರಂಜನೆ ಎಲ್ಲವೂ ಕಟ್ಟಡದೊಳಗೇ. ಬಸ್ಸಿನಲ್ಲಿ ಗುಂಪಾಗಿ ಬಂದವರು ಬೀದಿಗೆ ಇಳಿಯುವ ಅಗತ್ಯವೇ ಇರಲಿಲ್ಲ. ಉಬ್ಬರ ಇಳಿದಾಗ ಗುಂಪುಗಳು ಬರುವುದು ನಿಂತಿತು. ಸಾಲ ನೀಡಿದ್ದ ಪ್ರಾಂತೀಯ ಬ್ಯಾಂಕೇ 2003ರಲ್ಲಿ ಕುಸಿದು ಸರ್ಕಾರದ ವಶಕ್ಕೆ ಹೋಯಿತು. ಹಲವು ಹೋಟೆಲುಗಳು ಬೀಗ ಹಾಕಿದವು. ಪಾಳುಬಿದ್ದ ಕಟ್ಟಡಗಳ ಸಾಲು ಆ ಊರಿನ ಗುರುತಾಗಿ ಉಳಿಯಿತು. ಅಲ್ಲಿಯೂ ಬುಗ್ಗೆಯ ನೀರು ಬಿಸಿಯಾಗಿಯೇ ಇತ್ತು. ಇಲ್ಲದಿದ್ದುದು ಅತಿಥಿಯನ್ನು ಹಂಚಿಕೊಳ್ಳುವ ಒಪ್ಪಂದ.

ಐದು ತಾಲ್ಲೂಕುಗಳ ಏಳು ಬಾಗಿಲು

ಬಿಸಿನೀರಿನ ಬುಗ್ಗೆ ಇಲ್ಲದ ಈ ಭಾಗದಲ್ಲಿ ಅತಿಥಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೆಸುವ ಸ್ಥಳಗಳಿಗೇನೂ ಕೊರತೆಯಿಲ್ಲ. ಕೊಟ್ಟೂರಿನ ಗುರುಬಸವೇಶ್ವರ ಸ್ವಾಮಿ. ಅದೇ ತಾಲ್ಲೂಕಿನಲ್ಲಿ ಪಂಚಪೀಠಗಳಲ್ಲೊಂದಾದ ಉಜ್ಜಯಿನಿಯ ಮರುಳಸಿದ್ಧೇಶ್ವರ. ಹೂವಿನಹಡಗಲಿ ತಾಲ್ಲೂಕಿನ ಮೈಲಾರ ಮತ್ತು ಸುಂದರ ಶಿಲ್ಪಗಳ ಕುರುವತ್ತಿ. ಹರಪನಹಳ್ಳಿ ತಾಲ್ಲೂಕಿನಲ್ಲಿ ಹತ್ತನೆಯ ಶತಮಾನದ ಶಾಸನವಿರುವ ಬಾಗಳಿಯ ಕಲ್ಲೇಶ್ವರ ಮತ್ತು ಕೋಟೆಯ ಮೇಲಿನ ಉಚ್ಚಂಗಿದುರ್ಗ. ಕೂಡ್ಲಿಗಿ ತಾಲ್ಲೂಕಿನಲ್ಲಿ 2013ರಲ್ಲಿ ಘೋಷಿತವಾದ ಗುಡೇಕೋಟೆ ಕರಡಿಧಾಮ. ಕಿನೊಸಾಕಿಯ ಏಳು ಸ್ನಾನಗೃಹಗಳಿಗೆ ಎದುರಾಗಿ ಇವೇ ಏಳು ಬಾಗಿಲುಗಳಾದವು.

ಇವುಗಳ ಜೊತೆಗೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ. ಜಾಲಿಮರಗಳಲ್ಲಿ ಬಣ್ಣದ ಕೊಕ್ಕರೆ ಮೊದಲಾದ ಹಕ್ಕಿಗಳು ಗೂಡುಕಟ್ಟುವ ಈ ಕೆರೆ 2024ರ ಜನವರಿಯಲ್ಲಿ ಅಂತಾರಾಷ್ಟ್ರೀಯ ಮಹತ್ವದ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿತು. ಇಲ್ಲಿಯೂ ಕಿನೊಸಾಕಿಯ ನೆನಪಾಗುತ್ತದೆ. ಆ ಊರು ಸೇರಿರುವ ತೊಯೊವೊಕಾ ನಗರದಲ್ಲಿ ಒಮ್ಮೆ ಕಣ್ಮರೆಯಾಗಿದ್ದ ಬಿಳಿ ಕೊಕ್ಕರೆಗಳನ್ನು ಸಾಕಿ 2005ರಲ್ಲಿ ಮತ್ತೆ ಬಯಲಿಗೆ ಬಿಡಲಾಯಿತು. ಹಕ್ಕಿಗಳಿಗೆ ಹಾನಿಯಾಗದಂತೆ ಔಷಧ ಸಿಂಪಡಣೆ ತಗ್ಗಿಸಿ ಬೆಳೆದ ಭತ್ತದ ಅಕ್ಕಿ ಕೊಕ್ಕರೆಯ ಹೆಸರಿನಲ್ಲಿಯೇ ಹೆಚ್ಚಿನ ಬೆಲೆಗೆ ಮಾರಾಟವಾಗುತ್ತದೆ. ಅಂಕಸಮುದ್ರದ ಹಕ್ಕಿಯ ಹೆಸರಿಗೆ ಮಾರುಕಟ್ಟೆಯಲ್ಲಿ ಏನು ಬೆಲೆ ಇರಬಹುದೆಂಬುದನ್ನು ಆ ಭಾಗದ ಅಕ್ಕಿ ಗಿರಣಿಯವರೂ ದಲಾಲರೂ ಯೋಚಿಸಬಹುದು. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಹಡಗಲಿ ಮಲ್ಲಿಗೆ ಈಗಾಗಲೇ ಅಂತಹ ಹೆಸರು ಗಳಿಸಿದೆ. ಆದರೂ ಮಲ್ಲಿಗೆಯ ಊರಿಗೆ ಬಂದ ಅತಿಥಿಗೆ ಬೆಳಗಿನ ಜಾವ ಮೊಗ್ಗು ಬಿಡಿಸುವ ತೋಟವನ್ನು ತೋರಿಸುವವರಿಲ್ಲ, ಏಕೆಂದರೆ ಅತಿಥಿ ಆ ಹೊತ್ತಿಗೆ ಊರಿನಲ್ಲಿಯೇ ಇರುವುದಿಲ್ಲ.

ಸಂಚಾರ ಸೌಕರ್ಯದ ದೃಷ್ಟಿಯಿಂದಲೂ ಈ ಭಾಗ ಹಿಂದೆ ಬಿದ್ದಿಲ್ಲ. ಕಿನೊಸಾಕಿಗೆ ರೈಲು ಬಂದದ್ದು 1909ರಲ್ಲಿ. ಹೊಸಪೇಟೆ-ಕೊಟ್ಟೂರು ಮಾರ್ಗ ಅದಕ್ಕಿಂತ ಮೊದಲೇ, 1905ರಲ್ಲಿ ತೆರೆದಿತ್ತು. ಹಲವು ವರ್ಷ ಪ್ರಯಾಣಿಕರ ರೈಲಿಲ್ಲದೆ ಇದ್ದ ಈ ಮಾರ್ಗ ಹರಿಹರದವರೆಗೆ ವಿಸ್ತರಣೆಗೊಂಡು, 2019ರಲ್ಲಿ ಮತ್ತೆ ಪ್ರಯಾಣಿಕರನ್ನು ಹೊತ್ತಿತು. ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿ ಮೂರೂ ಅದರ ಮೇಲಿವೆ. ಒಂದು ತುದಿಯ ಹೊಸಪೇಟೆಯ ಬಳಿ 1986ರಿಂದ ವಿಶ್ವ ಪರಂಪರೆಯ ತಾಣವಾದ ಹಂಪಿಯಿದೆ. ಹಂಪಿ ನೋಡಿದ ಪ್ರವಾಸಿ ಇನ್ನೊಂದು ದಿನ ದಕ್ಷಿಣಕ್ಕೆ ಸರಿದರೆ ಸಾಕು, ಈ ಐದು ತಾಲ್ಲೂಕುಗಳು ಅವನಿಗೆ ಎದುರಾಗುತ್ತವೆ. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದ ಮೇಲೆ ಐದೂ ತಾಲ್ಲೂಕುಗಳು ಒಂದೇ ಜಿಲ್ಲಾಡಳಿತದ ಅಡಿಯಲ್ಲಿರುವುದು ಇನ್ನೊಂದು ಅನುಕೂಲ.

ದಾಸೋಹವೂ ವ್ಯಾಪಾರವೂ

ಇಲ್ಲೊಂದು ಸೂಕ್ಷ್ಮವಿದೆ. ಈ ಭಾಗದಲ್ಲಿ ಅತಿಥಿಗೆ ಅನ್ನವಿಡುವುದು ದಾಸೋಹ. ಅದಕ್ಕೆ ಬೆಲೆ ಕಟ್ಟುವುದು ಯಾರ ಮನಸ್ಸಿಗೂ ಒಪ್ಪದು, ಒಪ್ಪಬೇಕಾಗಿಯೂ ಇಲ್ಲ. ಬಡ ಭಕ್ತನಿಗೆ ಮಠದ ಪಡಸಾಲೆ, ದೇವಸ್ಥಾನದ ಯಾತ್ರಿನಿವಾಸ ಎಂದಿನಂತೆ ತೆರೆದಿರಬೇಕು. ಆದರೆ ವೃದ್ಧ ತಂದೆ-ತಾಯಿಯನ್ನೂ ಮಕ್ಕಳನ್ನೂ ಕರೆದುಕೊಂಡು ಬರುವ ಕುಟುಂಬ ಕೇಳುವುದು ಚೊಕ್ಕಟವಾದ ಕೋಣೆ, ಬಿಸಿನೀರು, ಶುಚಿಯಾದ ಶೌಚಾಲಯ, ಹೊತ್ತಿಗೆ ಸರಿಯಾದ ಊಟ. ಅದಕ್ಕೆ ಹಣ ತೆರಲು ಅವರು ಸಿದ್ಧರಿದ್ದಾರೆ. ಅದು ದೊರೆಯದ ಕಾರಣಕ್ಕೇ ಹೊಸಪೇಟೆಗೋ ದಾವಣಗೆರೆಗೋ ಹೋಗಿ ಮಲಗುತ್ತಾರೆ.

ಇದಕ್ಕೆ ಬಹುಮಹಡಿ ಕಟ್ಟಡ ಬೇಕಿಲ್ಲ. ರ್‍ಯೋಕಾನಿನ ಮಾದರಿ ನೋಡಿದರೆ ಹಳೆಯ ಮನೆಗಳೇ ಬಂಡವಾಳ. ಊರೂರಲ್ಲಿ ಮಕ್ಕಳು ಬೆಂಗಳೂರು ಸೇರಿ ಬೀಗ ಬಿದ್ದಿರುವ ತೊಲೆ-ಜಂತೆಯ ಮಾಳಿಗೆ ಮನೆಗಳಿವೆ. ನೆಲಕ್ಕೆ ಚಾಪೆ, ಜಮಖಾನ, ಮೇಲೆ ಶುಭ್ರ ಹಾಸಿಗೆ. ಹಿತ್ತಲಲ್ಲಿ ಹಂಡೆಯ ನೀರು. ರಾತ್ರಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ. ಗೋಡೆಗೆ ಲಂಬಾಣಿ ಕಸೂತಿ, ಹೊದೆಯಲು ಕಂಬಳಿ. ಅತಿಥಿ ಬಳಸಿ ಮೆಚ್ಚಿದ ವಸ್ತುವನ್ನೇ ಪೇಟೆಯಲ್ಲಿ ಕೊಂಡೊಯ್ಯುತ್ತಾನೆ. ಕೋಣೆಯೇ ಒಂದು ಮಾರಾಟ ಮಳಿಗೆ.

ತೆರಿಗೆಯ ಲೆಕ್ಕವೂ ತಿಳಿದಿರಲಿ. ದಿನಕ್ಕೆ 7,500 ರೂಪಾಯಿಯವರೆಗಿನ ಕೋಣೆ ಬಾಡಿಗೆಯ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ, ಆದರೆ ಇನ್‌ಪುಟ್ ತೆರಿಗೆಯ ಜಮೆ ಸಿಗುವುದಿಲ್ಲ. ಕಟ್ಟಡಕ್ಕೂ ಪೀಠೋಪಕರಣಕ್ಕೂ ದೊಡ್ಡ ಮೊತ್ತ ತೊಡಗಿಸುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರದ ಸೇವೆಗಳಿಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯ ಅಗತ್ಯವಿಲ್ಲ. ಎರಡು-ಮೂರು ಕೋಣೆಗಳ ಮನೆವಸತಿಗೆ ಇದು ಅನುಕೂಲಕರ.

ಎಲ್ಲಕ್ಕಿಂತ ಮೊದಲು ಬೇಕಾದದ್ದು ಒಪ್ಪಂದ. ಜಾತ್ರೆಯ ದಿನ ಕೋಣೆಗೆ ಹತ್ತು ಪಟ್ಟು ಬಾಡಿಗೆ ಕೇಳಿದರೆ ಆ ಕುಟುಂಬ ಉಳಿದ ದಿನಗಳಲ್ಲಿ ಎಂದೂ ಬರುವುದಿಲ್ಲ. ಐದೂ ಊರುಗಳ ವರ್ತಕ ಸಂಘಗಳು ಕುಳಿತು ಬಾಡಿಗೆಯ ಮೇಲ್ಮಿತಿ, ಸ್ವಚ್ಛತೆಯ ಕನಿಷ್ಠ ನಿಯಮ, ಒಂದೇ ಬಗೆಯ ಫಲಕ ಇವಿಷ್ಟನ್ನು ನಿಗದಿಪಡಿಸಬಹುದು. ಕುರೊಕಾವಾದ ಬಿಲ್ಲೆಯಂತೆ, ಕೊಟ್ಟೂರಿನಲ್ಲಿ ತಂಗಿದವನಿಗೆ ಹಡಗಲಿಯ ಖಾನಾವಳಿಯಲ್ಲಿ ಊಟ, ಹರಪನಹಳ್ಳಿಯಿಂದ ಬಾಗಳಿಗೆ ಆಟೋ, ಅಂಕಸಮುದ್ರದಲ್ಲಿ ದಾರಿತೋರುಗ ಸಿಗುವಂತೆ ಒಂದೇ ಚೀಟಿ ಮಾಡಬಹುದು. ಕೋಣೆ ಖಾಲಿ ಇಲ್ಲದಾಗ ಅತಿಥಿಯನ್ನು ಪಕ್ಕದ ಮನೆಗೆ ಕಳುಹಿಸುವ ದೊಡ್ಡ ಮನಸ್ಸು ಇದ್ದರೆ ಇವೆಲ್ಲ ಸಾಧ್ಯ.

ಕಿನೊಸಾಕಿಯವರಿಗೆ ಈ ತಿಳಿವಳಿಕೆ ಮೂಡಲು ಒಂದು ಭೂಕಂಪವೂ ಇಪ್ಪತ್ತು ವರ್ಷ ಮೀರಿದ ವ್ಯಾಜ್ಯವೂ ಬೇಕಾದವು. ಅವರ ಅನುಭವ ಕಣ್ಣೆದುರಿಗಿರುವಾಗ ಇಲ್ಲಿನವರು ಅಷ್ಟು ಕಾಲ ಕಾಯಬೇಕಾಗಿಲ್ಲ. ಮುಂದಿನ ಭರತ ಹುಣ್ಣಿಮೆಯ ಹೊತ್ತಿಗೆ ಊರಿಗೆ ಹತ್ತು ಕೋಣೆಗಳಂತೆ ಐದೂರಿಗೆ ಐವತ್ತು ಕೋಣೆಗಳು ಒಂದೇ ನಿಯಮದಡಿ ಸಿದ್ಧವಾದರೆ ಅದು ಒಳ್ಳೆಯ ಆರಂಭ. ಸಂಜೆಯ ಬಸ್ಸಿಗೆ ಕಾಯುತ್ತ ನಿಲ್ದಾಣದಲ್ಲಿ ನಿಂತವರಲ್ಲಿ ಒಂದು ಕುಟುಂಬವಾದರೂ ಚೀಲ ಎತ್ತಿಕೊಂಡು ಪೇಟೆಯ ಕಡೆಗೆ ತಿರುಗಿದ ದಿನ, ಆ ಪೇಟೆಯ ಅಂಗಡಿಗಳು ದೀಪ ಆರಿಸುವ ಹೊತ್ತು ಒಂದು ಗಂಟೆ ಮುಂದಕ್ಕೆ ಹೋಗುತ್ತದೆ.